ಕಾಯಕದ ನೆಪ, ಊರಿನ ಮರೆವು

ಬಸವಾದಿ ಶರಣರು ಬೋಧಿಸಿದ ಕಾಯಕತತ್ತ್ವವನ್ನು ಇಂದು ಅನೇಕರು ತಮ್ಮ ಅನುಕೂಲಕ್ಕೆ ಬಗ್ಗಿಸಿಕೊಂಡಿದ್ದಾರೆ. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ದೇವನಹಳ್ಳಿಯ ಸೀಮೆಯಲ್ಲಿ, ದೊಡ್ಡಬಳ್ಳಾಪುರ, ದಾಬಸ್‌ಪೇಟೆಗಳ ಕೈಗಾರಿಕಾ ಪ್ರದೇಶಗಳಲ್ಲಿ ಉತ್ತರ ಕರ್ನಾಟಕದ ತರುಣರು ಖಾನಾವಳಿ, ಗ್ಯಾರೇಜು ತೆರೆಯುತ್ತಾರೆ. ಮೆಚ್ಚತಕ್ಕ ಸಾಹಸವೇ ಸರಿ. ಆದರೆ ಊರಿನಿಂದ ತಾಯಿಯ ಕರೆ ಬಂದರೆ, "ಗಿರಾಕಿ ಅದಾರವ್ವಾ, ಆಮ್ಯಾಲೆ ಮಾತಾಡ್ತೀನಿ." ಆ 'ಆಮ್ಯಾಲೆ' ಜಾತ್ರೆ ಕಳೆದರೂ ಬರುವುದಿಲ್ಲ. ಕೇಳಿದವರಿಗೆ ಸಿದ್ಧ ಉತ್ತರವುಂಟು: ಇದು ನನ್ನ ಕಾಯಕ!

ಇದು ಕಾಯಕಕ್ಕೆ ಎಸಗುವ ಅಪಚಾರ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳೂ ಈಗಿನ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು ನೆಲೆಸಿದವರೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯದ ಅಳತೆಗಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಆಸೆಯೆಂದು ಖಂಡಿಸಿ ಹಿಂದಿರುಗಿಸಿದರು. ಆ ಹೆಚ್ಚಿನ ಅಕ್ಕಿಯೂ ಬೆವರಿನದೇ ಅಲ್ಲವೇ? ಆದರೂ ಆ ತಾಯಿ ಒಪ್ಪಲಿಲ್ಲ. ಮೂರು ವರ್ಷ ಊರಿನ ಮುಖ ಕಾಣದೆ ಎರಡನೆಯ ಅಂಗಡಿಗೆ ಮುಂಗಡ ಹೊಂದಿಸುವವರು ಈ ಪ್ರಸಂಗವನ್ನು ನೆನೆಯಬೇಕು.

ಮೊಬೈಲಿನಲ್ಲಿ ಹಣ ಕಳುಹಿಸುತ್ತೇವಲ್ಲ ಎಂಬ ವಾದವೂ ನಿಲ್ಲದು. ಔಷಧಕ್ಕೆ ಹಣ ಬೇಕು, ನಿಜ. ಆದರೆ ಹಣ ಎಸೆದು ದೂರ ಸರಿಯುವುದನ್ನು ಯಾವ ಶರಣರೂ ದಾಸೋಹವೆನ್ನಲಿಲ್ಲ. ಬಾಡಿಗೆ, ಸಾಲದ ಕಂತು ಹಗುರವಲ್ಲ. ತಿಂಗಳಿಗೊಮ್ಮೆ ಊರಿಗೆ ಹೋಗಲಾಗದಿರಬಹುದು. ಲಿಂಗಪೂಜೆ ಮುಗಿಸಿ ಅಂಗಡಿ ತೆರೆಯುವ ಮುನ್ನ ಹತ್ತು ನಿಮಿಷ ಮಾತನಾಡಲು ಯಾವ ಬಂಡವಾಳ ಬೇಕು? ದೀಪಾವಳಿಗೆ ಅಪ್ಪ ಅವ್ವನನ್ನು ಕರೆಸಿಕೊಳ್ಳಲಿ. ಹೊಸ ಲೆಕ್ಕದ ಪುಸ್ತಕಕ್ಕೆ ಅವರೇ ವಿಭೂತಿ ಧರಿಸಲಿ.