ಹಾಳುಮನೆಯಲ್ಲಿ ಹಾರೆ ಎತ್ತುವ ಮೊದಲು

ಕಳೆದ ಮಳೆಗಾಲ ಮುಗಿದ ಮೇಲೆ ಶಿರ್ವದ ಆಚೆ ಒಂದು ಹಳೆಯ ಮನೆ ನೋಡಲು ಹೋಗಿದ್ದೆ. ಮಾಡು ಕುಸಿದು ಬಹಳ ವರ್ಷವಾಗಿದೆ, ಮುರಕಲ್ಲಿನ ಗೋಡೆ ಎದೆಮಟ್ಟಕ್ಕೆ ಉಳಿದಿದೆ. ಅಂಗಳದಲ್ಲಿ ತುಳಸಿಕಟ್ಟೆ ಅಡ್ಡ ಬಿದ್ದಿತ್ತು. ತಾನಾಗಿ ಬಿದ್ದದ್ದಲ್ಲ, ಬುಡದಲ್ಲಿ ಮೊಣಕಾಲುದ್ದದ ಹೊಂಡ, ಬದಿಯಲ್ಲಿ ಹಾರೆಯ ಗುರುತು ಇನ್ನೂ ಹಸಿ. ಚಾವಡಿಯೊಳಗೆ ಅಂಥವೇ ನಾಲ್ಕು ಹೊಂಡ. ಅಗೆದವರು ಬೇಡವೆಂದು ಬಿಸಾಡಿದ್ದು ಒಂದು ಪುಟ್ಟ ರಾಶಿ: ತುಕ್ಕು ತಿಂದ ಮೊಳೆಗಳು, ಚಿಲಕದ ತುಂಡು, ತೂಗುದೀಪದ ಸರಪಳಿಯ ಮೂರು ಕೊಂಡಿ. ಹಾರೆಯ ಏಟಿಗೆ ಸೊಟ್ಟಗಾದ ಒಂದು ಕಾಲಾಣೆ.

"ಮಿಷನ್ ತಂದಿದ್ರು ಕಾಣ್ತದೆ. ರಾತ್ರಿ ಕುಂಯ್ ಕುಂಯ್ ಕೇಳ್ತಿತ್ತು, ನರಿಯೋ ಏನೋ ಅಂತ ಗ್ರಹಿಸಿದ್ದೆ ಮಾರಾಯ್ರೆ," ಎಂದರು ನೆರೆಮನೆಯ ಅಜ್ಜ.

ಹಿಂದೆ ನಿಧಿ ಅಗೆಯಲು ಅಮಾವಾಸ್ಯೆ ಬೇಕಿತ್ತು, ಮಂತ್ರವಾದಿ ಬೇಕಿತ್ತು, ಬಲಿಗೊಂದು ಕೋಳಿ ಬೇಕಿತ್ತು. ನಿಧಿಗೆ ಸರ್ಪ ಕಾವಲು ಎಂಬ ಹೆದರಿಕೆಯಾದರೂ ಇತ್ತು. ಈಗ ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮೆಟಲ್ ಡಿಟೆಕ್ಟರ್ ಮನೆ ಬಾಗಿಲಿಗೆ ಬರುತ್ತದೆ. ಅದು ಹೋದದ್ದು ಒಳ್ಳೆಯದೇ, ಇದು ಬಂದದ್ದು ಒಳ್ಳೆಯದಲ್ಲ. ತಮಾಷೆಯೆಂದರೆ, ನಮ್ಮ ಕೆಂಪು ಮುರಕಲ್ಲಿನ ನೆಲದ ತುಂಬಾ ಇರುವುದೇ ಕಬ್ಬಿಣದ ಅಂಶ. ಏನೂ ಇಲ್ಲದ ಕಡೆಯೂ ಅಗ್ಗದ ಯಂತ್ರ ಕೂಗುತ್ತದೆ. ಅದು ಕೂಗಿದಲ್ಲೆಲ್ಲ ಒಂದು ಹೊಂಡ.

ನಿಧಿ ಎಂಬ ಮಾತಿನಿಂದಲೇ ಕೆಟ್ಟದ್ದೂ ಇದೆ. ನಮ್ಮ ದೇವಸ್ಥಾನಗಳ ಷಡಾಧಾರ ಪ್ರತಿಷ್ಠೆಯಲ್ಲಿ ಮೂರ್ತಿಯ ಕೆಳಗೆ ನಿಧಿಕಲಶ ಇಡುವ ಕ್ರಮವಿದೆ. ಹೆಸರು ಕೇಳಿದವನಿಗೆ ಬಾಯಲ್ಲಿ ನೀರೂರುತ್ತದೆ; ಅದು ಪೂಜೆಯ ಅಂಗ, ಯಾರೋ ಹೂತಿಟ್ಟ ಕೊಪ್ಪರಿಗೆಯಲ್ಲ ಎಂದು ಹೇಳುವವರು ಯಾರು?

ಮನೆಗಳು ಯಾಕೆ ಹಾಳುಬಿದ್ದವು ಎಂದು ಊರಿನವರಿಗೆ ಗೊತ್ತು. 1949ರ ಅಳಿಯಸಂತಾನ ಕಾಯ್ದೆ ಕೂಡುಕುಟುಂಬಕ್ಕೆ ಪಾಲಿನ ದಾರಿ ತೆರೆಯಿತು. 1974ರ ಭೂಸುಧಾರಣೆಯಲ್ಲಿ ಗೇಣಿ ನಿಂತಿತು. ಒಕ್ಕಲಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಆದರೆ ಮುಡಿಗಟ್ಟಲೆ ಅಕ್ಕಿ ಬರುವುದು ನಿಂತ ಮೇಲೆ ಗುತ್ತಿನ ಮನೆಯ ಮಾಡು ಹೊದೆಸುವವರು ಇಲ್ಲವಾದರು. ಮಕ್ಕಳು ಮುಂಬಯಿಗೆ, ಹೋಟೆಲಿಗೆ, ಗಲ್ಫಿಗೆ ಹೋದರು. ಹೋಗುವಾಗ ಚಿನ್ನ ಹೂತಿಟ್ಟು ಹೋದರೆಂದು ನಂಬುವವನಿಗೆ ಬಡತನದ ಪರಿಚಯವೇ ಇಲ್ಲ.

ಹಾಗಾದರೆ ನೆಲದಲ್ಲಿ ಇರುವುದೇನು? ಒಂದು ನಾಣ್ಯ ಹೊಸಿಲ ಕೆಳಗಿತ್ತೋ, ಬಾವಿಕಟ್ಟೆಯ ಬದಿಯಲ್ಲಿತ್ತೋ, ಯಾವ ಪದರದಲ್ಲಿ, ಯಾವ ಮಡಕೆ ಚೂರಿನ ಜೊತೆ ಇತ್ತೋ, ಅಷ್ಟೇ ಅದರ ಬೆಲೆ. ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣ ಎಂದು ಶಾಸನಗಳಲ್ಲಿ ಓದುತ್ತೇವೆ. ಅಂಥ ನಾಣ್ಯ ಯಾವ ಹಳ್ಳಿಯ ಯಾವ ಮನೆಯವರೆಗೆ ತಲುಪಿತ್ತು ಎಂದು ಹೇಳಬಲ್ಲದ್ದು ಆ ಜಾಗ ಮಾತ್ರ. ಅಲ್ಲಿಂದ ಕಿತ್ತು ಜೇಬಿಗಿಳಿಸಿದ ಮೇಲೆ ಅದು ಗುಜರಿ. ವಿದೇಶದ ಮ್ಯೂಸಿಯಂಗಳಲ್ಲಿ ನಮ್ಮ ದೈವಗಳ ಲೋಹದ ಮೊಗಗಳಿವೆ. ಯಾವ ಗ್ರಾಮದ ಯಾವ ದೈವ, ಯಾವ ಬಂಡಾರದ ಮನೆಯಿಂದ ಬಂದದ್ದು ಎಂದು ಗೊತ್ತಿಲ್ಲದಿದ್ದರೆ ಅವು ಗಾಜಿನ ಹಿಂದಿನ ಹಿತ್ತಾಳೆ.

ಇನ್ನೊಂದು ಮಾತು. ಕಾರ್ಕಳಕ್ಕೆ ದೂರವಲ್ಲದ ಮೂಡುಕೊಣಾಜೆಯ ಕಲ್ಲುಗುಡ್ಡದಲ್ಲಿ 1980ರ ದಶಕದಲ್ಲಿ ಪುಂಡಿಕಾಯಿ ಗಣಪಯ್ಯ ಭಟ್ಟರು 9 ಬೃಹತ್ ಶಿಲಾಸಮಾಧಿಗಳನ್ನು ಗುರುತಿಸಿದ್ದರು. ಇದೇ ಶಿರ್ವದ ಕಾಲೇಜಿನಲ್ಲಿ ಪಾಠ ಹೇಳಿದ ಪ್ರೊ. ಟಿ. ಮುರುಗೇಶಿಯವರು 2023ರಲ್ಲಿ ಅಲ್ಲಿ ಸುಟ್ಟ ಮಣ್ಣಿನ ಗೊಂಬೆಗಳನ್ನು ಕಂಡಾಗ ನೆಟ್ಟಗೆ ಉಳಿದಿದ್ದ ಸಮಾಧಿಗಳು 2. ಸಿಕ್ಕ ಗೊಂಬೆಗಳು ಮಾತೃದೇವತೆ, ಗೂಳಿ, ನವಿಲು, ಕುದುರೆ. ಸಮಾಧಿಯ ಜೊತೆಯಲ್ಲೇ ಸಿಕ್ಕಿದ್ದರಿಂದ ಅವುಗಳ ಕಾಲ ಅಂದಾಜಿಸಲು ದಾರಿಯಾಯಿತು. ಡಿಟೆಕ್ಟರ್ ಅವುಗಳ ಮೇಲೆ ಹಾದುಹೋಗಿದ್ದರೆ ತುಟಿಪಿಟಿಕ್ ಎನ್ನುತ್ತಿರಲಿಲ್ಲ. ಹಾರೆ ಮಾತ್ರ ಪುಡಿ ಮಾಡುತ್ತಿತ್ತು.

"ಹೇಗೂ ಹಾಳಾಗ್ತದೆ, ನಾವು ತೆಗೆದರೆ ಏನು?" ಎನ್ನುವ ಹುಡುಗರಿಗೆ ಮಣಿಪಾಲಕ್ಕೆ ಹೋಗಿ ಬನ್ನಿ ಎನ್ನುತ್ತೇನೆ. ಕಾಪು ಕಡೆಯ ಕುಂಜೂರಿನ ಚೌಕಿ ಮನೆ, ಕಾರ್ಕಳದ ಹತ್ತಿರದ ಮಿಯಾರು ಮನೆ ಅಲ್ಲಿನ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ನಿಂತಿವೆ. ಬ್ಯಾಂಕ್ ನೌಕರಿಯಲ್ಲಿದ್ದ ವಿಜಯನಾಥ ಶೆಣೈಯವರು ಬೀಳಲಿದ್ದ ಮನೆಗಳನ್ನು ಬಿಚ್ಚಿ ತಂದು ಕಂಬಕ್ಕೆ ಕಂಬ, ತೊಲೆಗೆ ತೊಲೆ ಮತ್ತೆ ಜೋಡಿಸಿದರು. 2017ರಲ್ಲಿ ತೀರಿಕೊಳ್ಳುವವರೆಗೂ ಅದೇ ಹುಚ್ಚು. ಹಾಳುಮನೆಗೆ ಅವರೂ ಹೋದರು, ನೀವೂ ಹೋಗುತ್ತೀರಿ. ಅವರು ಮನೆಯ ಹೆಸರನ್ನು ಜೊತೆಗೆ ತಂದರು.

ಇಂಗ್ಲೆಂಡಿನ ಹೊಲದಲ್ಲಿ ಚಿನ್ನ ಸಿಕ್ಕ ವಿಡಿಯೊ ನೋಡಿದ್ದೀರಿ, ಸರಿ. ಅಲ್ಲಿ ಹೊಲದವನ ಒಪ್ಪಿಗೆ ಬೇಕು. ನಿಧಿ ಎನಿಸುವ ವಸ್ತು ಸಿಕ್ಕರೆ ತಿಳಿಸಲೇಬೇಕು. ಉಳಿದವನ್ನೂ ಜಾಗ ಸಮೇತ ದಾಖಲಿಸಲು 1997ರಿಂದ ಒಂದು ವ್ಯವಸ್ಥೆಯೇ ಇದೆ. ಅದನ್ನು ವಿಡಿಯೊದವರು ತೋರಿಸುವುದಿಲ್ಲ. ನಮ್ಮಲ್ಲೂ ಕಾನೂನು ಹಳೆಯದು: 1878ರ ನಿಧಿ ಕಾಯ್ದೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೂ ಕಲೆಕ್ಟರಿಗೆ ಬರೆದು ತಿಳಿಸಬೇಕೆಂದಿತು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ಆದರೆ ನಾನು ಪೊಲೀಸರ ಹೆದರಿಕೆ ಹೇಳಲು ಕೂತವನಲ್ಲ. ನಿಮ್ಮ ಅಜ್ಜಿ ದೀಪ ಹಚ್ಚಿದ ತುಳಸಿಕಟ್ಟೆಯನ್ನು ಇನ್ನೊಬ್ಬ ರಾತ್ರಿ ಬಂದು ಉರುಳಿಸಿದರೆ ಏನೆನ್ನುತ್ತೀರಿ? ಅದನ್ನು ನಿಮಗೆ ನೀವೇ ಹೇಳಿಕೊಂಡು ಯಂತ್ರವನ್ನು ಕೆಳಗಿಡಿ.

ದೂರದಲ್ಲಿರುವ ಮನೆಯವರೇ, ನಿಮಗೂ ಒಂದು ಮಾತು. ನಾಗರಪಂಚಮಿಗೋ ಕೋಲಕ್ಕೋ ಊರಿಗೆ ಬಂದಾಗ ಬನದವರೆಗೆ ಹೋಗಿ ತಿರುಗಬೇಡಿ, ಹಳೆಯ ಮನೆಯ ಅಂಗಳಕ್ಕೂ ಹೋಗಿ. ಚಾವಡಿ, ಪತ್ತಾಯ, ಬಾವಿ ಎಲ್ಲಿತ್ತೆಂದು ಹಿರಿಯರಿಂದ ಕೇಳಿ ಕಾಗದದಲ್ಲಿ ಗುರುತು ಹಾಕಿ, ಫೋಟೊ ತೆಗೆಯಿರಿ. ಹೊಸ ಮನೆಗೆ ಪಂಚಾಂಗ ಅಗೆಯುವಾಗ ಏನಾದರೂ ಕಂಡರೆ ಜೆಸಿಬಿಯವರಿಗೆ ನಿಲ್ಲಿಸಲು ಹೇಳಿ, ಕಂಡದ್ದನ್ನು ಕಂಡಲ್ಲೇ ಬಿಟ್ಟು ಜಿಲ್ಲಾಧಿಕಾರಿಗೆ ಬರೆದು ತಿಳಿಸಿ. ಕಚೇರಿ ಮಣಿಪಾಲದ ರಜತಾದ್ರಿಯಲ್ಲಿದೆ.