ಕೆಂಪು ಕಾರಿನ ಚಳಿಗಾಲ

ರಜೆಯನ್ನು ಕೂಡಿಡುವ ಅಭ್ಯಾಸ ನನಗೆ ಕೆಲಸಕ್ಕೆ ಸೇರಿದಂದಿನಿಂದಲೂ ಉಂಟು. ಹಾಗೆ ವರ್ಷಗಟ್ಟಲೆ ಕೂಡಿಟ್ಟ ರಜೆಯನ್ನು ಒಮ್ಮೆಲೇ ಖರ್ಚು ಮಾಡಿ, ಕಳೆದ ನವೆಂಬರಿನಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ಅವರ ಮನೆ. ಮೋಟಾರು ಕಾರಿನ ತವರೆಂದು ಲೋಕವೆಲ್ಲ ಬಲ್ಲ ಊರು ಅದು. ಅಂಥಲ್ಲಿ ಗಂಡಹೆಂಡಿರ ನಡುವೆ ಕಾರಿನ ವಿಷಯವಾಗಿ ವಾಗ್ವಾದ ಹುಟ್ಟಿದರೆ ಆಶ್ಚರ್ಯವೇನೂ ಇಲ್ಲ. ಆ ವಾಗ್ವಾದಕ್ಕೆ ನಾನು ಸಾಕ್ಷಿಯಾದೆ. ಸಾಕ್ಷಿಯಾಗಿದ್ದವನು ಕೊನೆಗೆ ಆರೋಪಿಯಾದುದು ಹೇಗೆಂಬುದೇ ಈ ವಾರದ ಕಥೆ.

ನಮ್ಮ ಭಾವನವರಿಗೆ ಈಗ ಐವತ್ತೆಂಟು ವರ್ಷ. ಮಗನ ಕಾಲೇಜಿನ ಶುಲ್ಕವನ್ನು ಕಟ್ಟಿ ಮುಗಿಸಿದ ವರ್ಷ, ಜೀವಮಾನದಲ್ಲಿ ಮೊದಲ ಬಾರಿಗೆ ತಮಗೋಸ್ಕರವೆಂದೇ ಒಂದು ವಸ್ತುವನ್ನು ಕೊಂಡರು. ಎರಡೇ ಆಸನಗಳ, ಮೇಲ್ಛಾವಣಿಯನ್ನು ಮಡಿಸಬಹುದಾದ ಪುಟ್ಟ ಕೆಂಪು ಕ್ರೀಡಾಕಾರು. ಅದರಲ್ಲಿ ಕುಳಿತರೆ ನೆಲದ ಮೇಲೆ ಚಾಪೆ ಹಾಸಿ ಕುಳಿತಂತೆಯೇ ಸರಿ. ಏಳುವಾಗ ಭಾವನವರ ಮೊಣಕಾಲು ಒಮ್ಮೆ ಲಟಕ್ಕೆನ್ನುವುದು; ಮುಖದ ಮೇಲಿನ ನಗೆ ಮಾತ್ರ ಮಾಸದು.

ನಾನು ಹೋದ ಎರಡನೆಯ ವಾರದಲ್ಲಿಯೇ ಆ ವರ್ಷದ ಮೊದಲ ಹಿಮ ಬಿತ್ತು. ಸಾರಿಗೆ ಕೊತ್ತಂಬರಿ ಸೊಪ್ಪು ಬೇಕೆಂದಳು ಅಕ್ಕ. "ಬಾರಪ್ಪ, ಕೆಂಪು ಕಾರಿನಲ್ಲೇ ಹೋಗಿ ಬರೋಣ" ಎಂದರು ಭಾವ. ಹೋಗುವಾಗ ಸುಖವಾಗಿಯೇ ಹೋದೆವು. ಬರುವಾಗ ನಾಲ್ಕು ರಸ್ತೆ ಕೂಡುವೆಡೆಯಲ್ಲಿ ಬ್ರೇಕು ತುಳಿದರೆ ಕಾರು ನಿಲ್ಲಲೇ ಇಲ್ಲ. ಹಿಂಬದಿ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ನಾವು ಅಡ್ಡಡ್ಡಲಾಗಿ ಜಾರಿ, ರಸ್ತೆಯಂಚಿನ ಹಿಮದ ರಾಶಿಗೆ ಒರಗಿ ನಿಂತೆವು. ಕಾರಿಗಾಗಲಿ ನಮಗಾಗಲಿ ಕೊತ್ತಂಬರಿ ಸೊಪ್ಪಿಗಾಗಲಿ ಏನೂ ಆಗಲಿಲ್ಲ. ಆದರೆ ಆ ಎರಡು ಗಳಿಗೆಯಲ್ಲಿ, ಎದುರಿನಿಂದ ಲಾರಿಯೊಂದು ಬಂದಿದ್ದರೆ ಎಂಬ ಯೋಚನೆ ನಮ್ಮಿಬ್ಬರಿಗೂ ಬಂದು ಹೋಗಿತ್ತು. ದಾರಿಯುದ್ದಕ್ಕೂ ಯಾರೂ ಮಾತನಾಡಲಿಲ್ಲ.

ಮನೆಗೆ ಬಂದು ವಿಷಯ ತಿಳಿಸಿದೊಡನೆ ಅಕ್ಕ ತೀರ್ಪಿತ್ತಳು: "ಇನ್ನು ಏಪ್ರಿಲ್ ತನಕ ಅದು ಗ್ಯಾರೇಜಿನಿಂದ ಹೊರಗೆ ಬರಕೂಡದು ರೀ."

ಸೋದರಳಿಯ ತಂದೆಯ ಪಕ್ಷ ವಹಿಸಿದ. "ತಪ್ಪು ಕಾರಿನದಲ್ಲ ಮಾಮ, ಟೈರಿನದು" ಎಂದ. ಬೇಸಗೆಯ ಟೈರಿನ ರಬ್ಬರು ೭ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತ ಹೋಗಿ ರಸ್ತೆಯನ್ನು ಹಿಡಿಯುವ ಗುಣವನ್ನು ಕಳೆದುಕೊಳ್ಳುತ್ತದೆಯಂತೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲಿಯೂ ಮೆದುವಾಗಿಯೇ ಉಳಿಯುವುದು. ಅದರ ಮೈಮೇಲಿನ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುವುವು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ ೧ರಿಂದ ಮಾರ್ಚ್ ೧೫ರವರೆಗೆ ಇಂಥ ಟೈರು ಹಾಕುವುದು ಕಾನೂನಿನಂತೆ ಕಡ್ಡಾಯ. ಕ್ರೀಡಾಕಾರು ಹಿಮಕ್ಕೆ ಬಾರದೆಂಬ ಮಾತೂ ಸುಳ್ಳು. ಆಲ್ಪ್ಸ್ ಪರ್ವತದ ಹಿಮದ ದಾರಿಗಳಲ್ಲಿ ನಡೆಯುವ ಮಾಂಟೆ ಕಾರ್ಲೋ ಪಂದ್ಯವನ್ನು ೧೯೬೮, ೧೯೬೯, ೧೯೭೦ ಈ ಮೂರು ವರ್ಷವೂ ಗೆದ್ದುದು ಪೋರ್ಷೆ ೯೧೧ ಎಂಬ ಕ್ರೀಡಾಕಾರೇ.

ವಾದವೇನೋ ಸೊಗಸಾಗಿತ್ತು. ಭಾವನವರು ಮರುದಿನವೇ ಟೈರಿನ ಬೆಲೆ ವಿಚಾರಿಸಲು ಹೊರಟರು. ನಾನೂ ಜೊತೆಗೆ ಹೋದೆ. ಆ ಕಾರ್ಯಾಗಾರದಲ್ಲಿ ಯಾರದೋ ಹಳೆಯ ಕಾರನ್ನು ಮೇಲಕ್ಕೆತ್ತಿ ನಿಲ್ಲಿಸಿದ್ದರು. ಮೇಲಿನಿಂದ ಅದು ಮದುವಣಿಗನಂತೆ ಹೊಳೆಯುತ್ತಿತ್ತು. ಅಡಿಯಲ್ಲಿ ನಿಂತು ನೋಡಿದರೆ ತಗಡೆಲ್ಲ ತುಕ್ಕು ತಿಂದು, ಗೆದ್ದಲು ಹಿಡಿದ ಬಾಗಿಲಿನಂತಾಗಿತ್ತು. ಕೆಲಸಗಾರನು ಬೆರಳಿನಿಂದ ಒತ್ತಿದ. ತುಂಡೊಂದು ಕಳಚಿ ಬಿತ್ತು.

ಹಿಮ ಅಲ್ಲಿ ಶತ್ರುವಲ್ಲ. ಹಿಮವನ್ನು ಕರಗಿಸಲು ಚೆಲ್ಲುವ ಉಪ್ಪು ಶತ್ರು. ಡೆಟ್ರಾಯಿಟ್ ನಗರದ ಕೆಳಗೆ ಸಾವಿರ ಅಡಿಗೂ ಮಿಕ್ಕ ಆಳದಲ್ಲಿ ಉಪ್ಪಿನ ಗಣಿಯೇ ಇದೆ. ನೀರಿಗೆ ಉಪ್ಪು ಬೆರೆತರೆ ಅದು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಆದ್ದರಿಂದ ರಸ್ತೆ ಜಾರದು, ಜನರ ಪ್ರಾಣ ಉಳಿಯುವುದು. ಆದರೆ ಆ ಉಪ್ಪುನೀರು ಕಾರಿನ ಸಂದುಗೊಂದುಗಳಿಗೆಲ್ಲ ಇಳಿದು ಉಕ್ಕನ್ನು ತಿನ್ನತೊಡಗುತ್ತದೆ. ಬೆಚ್ಚನೆಯ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ತುಕ್ಕಿಗೆ ಇನ್ನಷ್ಟು ಅನುಕೂಲ! ಅದೇ ಸಂಸ್ಥಾನದ ಫ್ಲಿಂಟ್ ಎಂಬಲ್ಲಿ ೧೯೫೩ರಲ್ಲಿ ತಯಾರಾದ ಮೊದಲ ಕಾರ್ವೆಟ್ ಕಾರುಗಳ ಮೈಯನ್ನು ಗಾಜಿನ ನಾರಿನಿಂದ ಮಾಡಿದ್ದರು. ಮೈಗೆ ತುಕ್ಕಿನ ಭಯವಿಲ್ಲ, ನಿಜ. ಆದರೆ ಆ ಮೈಯನ್ನು ಹೊತ್ತ ಚೌಕಟ್ಟು ಉಕ್ಕಿನದೇ.

ಅಂದು ರಾತ್ರಿ ಊಟವಾದ ಮೇಲೆ ಭಾವನವರು ಬಹಳ ಹೊತ್ತು ಸುಮ್ಮನಿದ್ದು, ಬಳಿಕ ಒಂದು ಲೆಕ್ಕ ಹೇಳಿದರು.

"ನೋಡು, ಈ ಮೊಣಕಾಲಿನಲ್ಲಿ ಆ ಕಾರನ್ನು ಹತ್ತಿ ಇಳಿಯುವುದು ಹೆಚ್ಚೆಂದರೆ ಇನ್ನು ಹತ್ತು ವರ್ಷ. ವರ್ಷಕ್ಕೆ ಐದು ತಿಂಗಳು ಮುಚ್ಚಿಟ್ಟರೆ ಐವತ್ತು ತಿಂಗಳು ಹೋಯಿತು. ಕಾರು ಉಳಿಯಬಹುದು. ಹೋದ ತಿಂಗಳು ಬರುತ್ತದೆಯೆ? ಅಲ್ಲದೆ, ನಿಲ್ಲಿಸಿದರೂ ಕಾರು ಕೆಡುತ್ತದೆ. ಪೆಟ್ರೋಲು ಹಳಸುತ್ತದೆ, ಬ್ಯಾಟರಿ ಸಾಯುತ್ತದೆ, ಇಲಿ ಗೂಡು ಕಟ್ಟುತ್ತದೆ."

ಈ ಮಾತಿಗೆ ಉತ್ತರವಿಲ್ಲವೆಂದೇ ನಾನು ಭಾವಿಸಿದೆ. ಅಕ್ಕ ಉತ್ತರ ಕೊಟ್ಟಳು.

"ನಮ್ಮಮ್ಮ ನನಗೆ ಕೊಟ್ಟ ಜರತಾರಿ ಸೀರೆ ಪೆಟ್ಟಿಗೆಯಲ್ಲಿದೆ. ಹಾಗೇ ಇಟ್ಟರೆ ಮಡಿಕೆಯಲ್ಲಿ ಬಿರಿಯುತ್ತದೆ ಅಂತ ಮೂರು ತಿಂಗಳಿಗೊಮ್ಮೆ ತೆಗೆದು, ಗಾಳಿಗೆ ಹರವಿ, ಬೇರೆ ಮಡಿಕೆ ಹಾಕಿಡುತ್ತೇನೆ. ಇಡುವುದೂ ಒಂದು ಕೆಲಸವೇ ರೀ. ಅದು ಹಾಗಿರಲಿ, ನಿಮ್ಮ ಪೆಟ್ರೋಲಿನ ಪುಸ್ತಕ ಎಲ್ಲಿ?"

ಭಾವನವರು ಕಾರನ್ನು ತೆಗೆದ ದಿನವೆಲ್ಲ ತಾರೀಖು, ಮೈಲಿ, ಪೆಟ್ರೋಲು ಬರೆದಿಡುವ ಕ್ರಮಸ್ಥರು. ಅಕ್ಕ ಪುಸ್ತಕ ಬಿಡಿಸಿ ಬೆರಳಿಟ್ಟು ಎಣಿಸಿದಳು. ಏಪ್ರಿಲ್ ನಡುವಿನಿಂದ ನವೆಂಬರ್ ನಡುವಿನವರೆಗೆ, ಹಿಮವೂ ಉಪ್ಪೂ ಇಲ್ಲದ ಏಳು ತಿಂಗಳಲ್ಲಿ ಕೆಂಪು ಕಾರು ಹೊರಗೆ ಬಂದುದು ಹತ್ತೊಂಬತ್ತು ದಿನ!

"ಮಳೆ ಬರಬಹುದು ಅಂದಿರಿ, ದೂಳು ಅಂದಿರಿ, ಆಫೀಸಿನಲ್ಲಿ ಕೆಲಸ ಅಂದಿರಿ. ಒಳ್ಳೆಯ ದಿನ ಬರಲಿ ಅಂತ ಒಳ್ಳೆಯ ದಿನಗಳನ್ನೆಲ್ಲ ಕಳೆದಿರಿ. ಈಗ ಹಿಮದಲ್ಲಿ ಓಡಿಸುತ್ತೇನೆ ಅಂತೀರಿ. ನಿಮ್ಮ ಚಳಿಗಾಲ ಐದು ತಿಂಗಳದ್ದಲ್ಲ, ಹನ್ನೊಂದು ತಿಂಗಳದ್ದು."

ಭಾವನವರು ನನ್ನ ಮುಖ ನೋಡಿದರು. ನಾನು ಗೋಡೆಯ ಗಡಿಯಾರವನ್ನು ನೋಡಿದೆ.

ಆ ಭಾನುವಾರ ನಾವು ಮೂವರು ಗಂಡಸರೂ ಸೇರಿ ಕಾರನ್ನು ಮಲಗಿಸಿದೆವು. ಮಲಗಿಸುವುದೆಂದರೆ ಬಟ್ಟೆ ಹೊದಿಸಿ ಬಾಗಿಲು ಎಳೆಯುವುದಲ್ಲವೆಂದು ನನಗೆ ಅಂದು ತಿಳಿಯಿತು. ಅಡಿಭಾಗವನ್ನೆಲ್ಲ ತೊಳೆದು ಒಣಗಿಸಬೇಕು. ಹಳೆಯ ಆಯಿಲಿನಲ್ಲಿ ಆಮ್ಲ ಸೇರಿರುವುದರಿಂದ ಹೊಸತು ತುಂಬಬೇಕು. ಒಳಗೆ ತೇವ ಕಟ್ಟದಂತೆ ಪೆಟ್ರೋಲನ್ನು ಕಂಠಪೂರ್ತಿ ತುಂಬಿ, ಅದು ಹಳಸದಂತೆ ತಡೆಯುವ ದ್ರವವನ್ನು ಬೆರೆಸಬೇಕು. ಖಾಲಿಯಾದ ಬ್ಯಾಟರಿ ಚಳಿಗೆ ಹೆಪ್ಪುಗಟ್ಟಿ ಒಡೆಯಬಹುದಾದ್ದರಿಂದ ಅದಕ್ಕೆ ಸಣ್ಣಗೆ ವಿದ್ಯುತ್ತು ಹರಿಯುತ್ತಿರಬೇಕು. ಕೈಬ್ರೇಕು ಅಂಟಿಕೊಂಡೀತೆಂದು ಅದನ್ನು ಬಿಟ್ಟು, ಚಕ್ರಕ್ಕೆ ಮರದ ತುಂಡು ಕೊಡಬೇಕು. ಇಲಿ ನುಗ್ಗದಂತೆ ಹೊಗೆಕೊಳವೆಯ ಬಾಯಿಗೆ ಪಾತ್ರೆ ತಿಕ್ಕುವ ತಂತಿನಾರನ್ನು ತುರುಕಬೇಕು. ಅದನ್ನು ಏಪ್ರಿಲಿನಲ್ಲಿ ತೆಗೆಯಲು ಮರೆಯಬಾರದೆಂದು ಅಕ್ಕ ಚಾಲಕನ ಚಕ್ರಕ್ಕೆ ಒಂದು ಕೆಂಪು ದಾರ ಕಟ್ಟಿದಳು. ನಡುನಡುವೆ ಐದು ನಿಮಿಷ ಎಂಜಿನನ್ನು ಓಡಿಸಿ ನಿಲ್ಲಿಸುವ ಚಪಲವೂ ಕೂಡದು. ಬಿಸಿಯೇರುವ ಮುನ್ನವೇ ನಿಲ್ಲಿಸಿದರೆ ಒಳಗೆ ನೀರಾವಿ ಹನಿಗಟ್ಟಿ ಉಳಿಯುತ್ತದೆ.

ಏಪ್ರಿಲಿನಲ್ಲಿ ಎರಡು ಮೂರು ಜಡಿಮಳೆ ಬಿದ್ದು ರಸ್ತೆಯ ಉಪ್ಪು ತೊಳೆದುಹೋದ ಮೇಲೆ ಕಾರು ಎದ್ದಿತು. ಜುಲೈ ಕೊನೆಯ ಹೊತ್ತಿಗೆ ಪುಸ್ತಕದಲ್ಲಿ ನಲವತ್ತೊಂದು ದಿನ ನಮೂದಾಗಿದೆಯೆಂದು ಅಕ್ಕ ದೂರವಾಣಿಯಲ್ಲಿ ತಿಳಿಸಿದಳು. ಗಾಳಿಗೆ ತಲೆಗೂದಲು ಸಿಕ್ಕಾಗುವುದೆಂದು ಗೊಣಗಿದಳಾದರೂ, ಗೊಣಗಬೇಕಾದರೆ ಅವಳೂ ಜೊತೆಗೆ ಹೋಗಿರಲೇಬೇಕಲ್ಲ!

ಇನ್ನು ನನ್ನ ಆರೋಪದ ವಿಷಯ. ಹಿಂತಿರುಗುವ ದಿನ ವಿಮಾನ ನಿಲ್ದಾಣದಲ್ಲಿ ಅಕ್ಕ ಕೇಳಿದಳು: "ಇಷ್ಟು ವರ್ಷ ರಜೆ ಕೂಡಿಟ್ಟೆಯಲ್ಲೋ, ಅಷ್ಟರಲ್ಲಿ ಅಮ್ಮನ್ನ ನೋಡೋದಕ್ಕೆ ಊರಿಗೆ ಎಷ್ಟು ಸಲ ಹೋಗಿದ್ದೆ?"

ನನ್ನ ಬಳಿ ಲೆಕ್ಕದ ಪುಸ್ತಕವಿರಲಿಲ್ಲ. ಬೇಕಾಗಿಯೂ ಇರಲಿಲ್ಲ, ಬೆರಳುಗಳೇ ಸಾಕಾದವು. ಬೆಂಗಳೂರಿನಿಂದ ಊರಿಗೆ ರಾತ್ರಿಯ ಒಂದು ಬಸ್ಸಿನ ಹಾದಿ. ದಸರೆಗೆ ಹೋಗೋಣ, ಪರೀಕ್ಷೆ ಮುಗಿಯಲಿ, ಮಳೆ ನಿಲ್ಲಲಿ ಎಂದುಕೊಂಡೇ ವರ್ಷಗಳು ಸರಿದಿದ್ದವು. ಅಮ್ಮನಿಗೆ ಎಪ್ಪತ್ತೈದು ದಾಟಿದೆ.

ಈ ಬರಹವನ್ನು ಊರಿನ ಮನೆಯ ಜಗಲಿಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಮಾರ್ಚಿನಿಂದೀಚೆಗೆ ಇದು ನಾಲ್ಕನೆಯ ಸಲ. ಕಾಫಿ ತಂದಿಟ್ಟ ಅಮ್ಮ, "ಏನೋ ಬರೀತಿದೀಯ?" ಎಂದು ಕೇಳಿದಳು.

"ಕಾರಿನ ವಿಷಯ" ಎಂದೆ.

"ನಿನಗೆಲ್ಲಿದೆಯೋ ಕಾರು?" ಎಂದು ನಗುತ್ತ ಪಕ್ಕದಲ್ಲಿ ಕುಳಿತಳು.