ಎಕೋ ಹೆಚ್ಚಾದರೆ ಸಾಹಿತ್ಯ ಕೇಳಿಸದು

ಮುಂಬಯಿ ಹಾಗೂ ಉಪನಗರಗಳ ಕನ್ನಡ ಸಂಘಗಳಲ್ಲಿ ವಾರ್ಷಿಕೋತ್ಸವವಿರಲಿ, ರಾಜ್ಯೋತ್ಸವವಿರಲಿ, ಭಾವಗೀತೆಗಳಿಲ್ಲದೆ ಕಾರ್ಯಕ್ರಮ ಮುಗಿಯುವುದು ಅಪರೂಪ. ಹಾರ್ಮೋನಿಯಂ ಇದ್ದ ಜಾಗದಲ್ಲಿ ಈಗ ಹೆಚ್ಚಾಗಿ ಕೀಬೋರ್ಡ್ ಇರುತ್ತದೆ. ಅದು ತಪ್ಪೇನಲ್ಲ. ಆದರೆ ಹಾಲ್ ಬಾಡಿಗೆ, ಊಟದ ದರಗಳಲ್ಲಿ ರೂಪಾಯಿ ರೂಪಾಯಿಗೂ ಚೌಕಾಸಿ ಮಾಡುವ ಸಮಿತಿ ಸದಸ್ಯರು, ಧ್ವನಿಯ ವಿಷಯವನ್ನು ಮಾತ್ರ ಪೂರ್ತಿಯಾಗಿ ಸೌಂಡ್ ಸಿಸ್ಟಮ್‌ನವರಿಗೆ ಬಿಟ್ಟು ಸುಮ್ಮನಾಗುತ್ತಾರೆ. ನಾಲ್ಕಾರು ಪದಗಳ ಪರಿಚಯ ಅವರಿಗಿರುವುದು ಅಗತ್ಯ.

ಮುಖ್ಯವಾದವು ರಿವರ್ಬ್ ಮತ್ತು ಡಿಲೇ. ದೊಡ್ಡ ದೇವಸ್ಥಾನದ ಪ್ರಾಂಗಣದಲ್ಲಿ ಹಾಡಿದಾಗ ಗೋಡೆಗಳಿಗೆ ಬಡಿದು ದನಿ ಸ್ವಲ್ಪ ಹೊತ್ತು ಉಳಿಯುತ್ತದಲ್ಲ, ಅದನ್ನು ಯಂತ್ರದಿಂದ ತರುವುದೇ ರಿವರ್ಬ್. ಹಾಡಿದ್ದನ್ನೇ ಕ್ಷಣ ಬಿಟ್ಟು ಮತ್ತೆ ಕೇಳಿಸುವುದು ಡಿಲೇ. ಸಾಮಾನ್ಯರ ಬಾಯಲ್ಲಿ ಎರಡೂ ‘ಎಕೋ’. ಹಿತಮಿತವಾಗಿದ್ದರೆ ಇವು ಕಂಠಕ್ಕೆ ಮೆರುಗು ನೀಡುತ್ತವೆ. ಹೆಚ್ಚಾದರೆ ಕನ್ನಡಕ್ಕೇ ಪೆಟ್ಟು. ಕನ್ನಡದಲ್ಲಿ ಹ್ರಸ್ವ ದೀರ್ಘವಾದರೆ ಅರ್ಥವೇ ಬೇರೆ. ‘ಮನ’ ಎಂದದ್ದೋ ‘ಮಾನ’ ಎಂದದ್ದೋ ಹಿಂದಿನ ಸಾಲಿನವರಿಗೆ ತಿಳಿಯದು, ಒತ್ತಕ್ಷರಗಳಂತೂ ಕರಗಿಹೋಗುತ್ತವೆ. ಸಭಾಂಗಣವೇ ಗುಂಯ್‌ಗುಡುವಂತಿದ್ದರೆ ಯಂತ್ರದ ರಿವರ್ಬ್ ಬೇಕೇ ಇಲ್ಲ. ಗಾಯನದ ಬಳಿಕ ಅದನ್ನು ಆರಿಸಲು ಮರೆತು, ಅಧ್ಯಕ್ಷರ ‘ನಮಸ್ಕಾರ’ ಮೂರು ಮೂರು ಸಲ ಕೇಳಿಸುವುದೂ ಉಂಟು.

ಇನ್ನು ಕೀಬೋರ್ಡ್‌ನದೇ ಪದಗಳು. ಸಿಂಥಸೈಜರ್ ವಿದ್ಯುತ್ ಮೂಲಕ ನಾದವನ್ನು ಹೊಸದಾಗಿ ಸೃಷ್ಟಿಸುತ್ತದೆ. ನಿಜವಾದ ಕೊಳಲನ್ನು ಧ್ವನಿಮುದ್ರಿಸಿ ಯಂತ್ರದೊಳಗೆ ಕೂಡಿಟ್ಟುಕೊಂಡು ನುಡಿಸಿದರೆ ಅದು ಸ್ಯಾಂಪಲ್. ಟ್ರಾನ್ಸ್‌ಪೋಸ್ ಗುಂಡಿ ಶ್ರುತಿಯನ್ನು ಅರ್ಧ ಅರ್ಧ ಸ್ವರದಂತೆ ಏರಿಸಿ ಇಳಿಸುತ್ತದೆ. ಇದು ಗೊತ್ತಿದ್ದರೆ, ಕೀಬೋರ್ಡ್‌ನವರ ಶ್ರುತಿಗೆ ಹೊಂದಿಕೊಳ್ಳಲಾಗದೆ ಸಂಘದ ಸದಸ್ಯೆಯರು ಗಂಟಲು ಹರಿದುಕೊಂಡು ಹಾಡಬೇಕಾಗಿಲ್ಲ. ‘ಸ್ಟೈಲ್’ ಎಂದರೆ ತಾಳವಾದ್ಯ ಸಹಿತ ತಾನೇ ನುಡಿಯುವ ಹಿಮ್ಮೇಳ. ತಬಲಾದವರ ಸಂಭಾವನೆ ಉಳಿಯಿತೆಂದು ಖಜಾಂಚಿಗಳಿಗೆ ಸಂತೋಷ. ಆದರೆ ಗಾಯಕಿ ಒಂದು ಪದದ ಮೇಲೆ ನಿಲ್ಲಬೇಕೆಂದರೆ ಆ ತಾಳ ಕಾಯುವುದಿಲ್ಲ. ಭಾವಗೀತೆಗೆ ಕಾಯುವ ತಬಲಾವೇ ಬೇಕು.

ಯಂತ್ರದ್ದೇ ದೋಷ ಎನ್ನುವಂತೆಯೂ ಇಲ್ಲ. ಇದೇ ಮುಂಬಯಿಯ ಚಿತ್ರೋದ್ಯಮದ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿಯೇ ರೋಲ್ಯಾಂಡ್ ಕಂಪೆನಿಯ ಸಿಂಥಸೈಜರ್‌ಗಳಲ್ಲಿ 10 ರಾಗಗಳನ್ನು ಡಿಸ್ಕೋ ಲಯಕ್ಕೆ ನುಡಿಸಿ ಧ್ವನಿಮುದ್ರಿಕೆ ತಂದಿದ್ದರು. ಅಂದು ಅದನ್ನು ಹೆಚ್ಚಿನವರು ಕೇಳಲಿಲ್ಲ. 2010ರಲ್ಲಿ ವಿದೇಶದಲ್ಲಿ ಮರುಬಿಡುಗಡೆಯಾದಾಗ ಜಗತ್ತೇ ಬೆರಗಾಯಿತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಕರ್ಯ ಆ ಯಂತ್ರದಲ್ಲಿತ್ತು, ಅದು ರಾಗಕ್ಕೆ ಒದಗುತ್ತದೆಂಬ ಅರಿವು ಅವರಿಗಿತ್ತು. ಇಂದಿನ ಬಹುತೇಕ ಕೀಬೋರ್ಡ್‌ಗಳ ಎಡಬದಿಯಲ್ಲಿರುವ ಪಿಚ್ ಬೆಂಡ್ ಚಕ್ರದ ಕೆಲಸವೂ ಸುಮಾರಾಗಿ ಅದೇ. ಅದನ್ನು ಮುಟ್ಟದೆಯೇ ಕಾರ್ಯಕ್ರಮ ಮುಗಿಸುವ ವಾದಕರಿದ್ದಾರೆ.

ಹೊರನಾಡಿನ ಮಕ್ಕಳಲ್ಲಿ ಹಲವರಿಗೆ ಕನ್ನಡ ಅಕ್ಷರ ಬಾರದು. ವೇದಿಕೆಯ ಹಾಡಿನಿಂದಲೇ ಅವರ ಕಿವಿಗೆ ನಾಲ್ಕು ಒಳ್ಳೆಯ ಕನ್ನಡ ಪದಗಳು ಬೀಳಬೇಕು. ಆದ್ದರಿಂದ ಸಮಿತಿಯವರು ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ಒಬ್ಬ ಸದಸ್ಯರನ್ನು ಕೊನೆಯ ಸಾಲಿನಲ್ಲಿ ಕೂರಿಸಿ ಒಂದು ಹಾಡು ಹಾಡಿಸಲಿ. ಪಲ್ಲವಿಯ ಪ್ರತಿ ಪದವೂ ಅವರಿಗೆ ಸ್ಪಷ್ಟವಾಗುವವರೆಗೆ ರಿವರ್ಬ್ ಇಳಿಸಲು ಹೇಳಲಿ. ಇದಕ್ಕೆ ಪ್ರತ್ಯೇಕ ಬಿಲ್ ಬರುವುದಿಲ್ಲ.